ಬ್ಯಾಟರಿ ಬದಲಿಸುವ ಮುನ್ನ ಅಳೆಯಿರಿ

ಮೀನುಗಾರಿಕಾ ಬೋಟಿನಲ್ಲಿ ದೀಪ ಮಂಕಾಗಿ ವೈರ್‌ಲೆಸ್ ಕೈಕೊಟ್ಟ ಕೂಡಲೇ ಹೊಸ ಬ್ಯಾಟರಿ ತರುವ ಅವಸರ ತಪ್ಪು. ಚಾರ್ಜ್ ನಿಲ್ಲಿಸಿ, ಯಾವ ಲೋಡೂ ಇಲ್ಲದೆ ಕೆಲವು ಗಂಟೆ ಬಿಟ್ಟ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ 12.6ರ ಆಸುಪಾಸು ತೋರಿಸಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ. ಎಂಜಿನ್ ಓಡುವಾಗಲೂ ಅದು 14ರ ಹತ್ತಿರ ಏರದಿದ್ದರೆ ದೋಷ ಆಲ್ಟರ್ನೇಟರಿನಲ್ಲೋ, ಸಡಿಲ ಬೆಲ್ಟಿನಲ್ಲೋ, ಉಪ್ಪುಗಾಳಿಗೆ ಕಿಲುಬು ಹಿಡಿದ ಟರ್ಮಿನಲ್‌ನಲ್ಲೋ ಇರಬಹುದು. ಅಲ್ಲಿ ಹೊಸ ಬ್ಯಾಟರಿಯೂ ಅರೆಹೊಟ್ಟೆಯಲ್ಲೇ ಉಳಿದು, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬೇಗ ಸಾಯುತ್ತದೆ.

ಕಡಲಿಗಿಳಿಯುವ ತರಾತುರಿಯಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ನಮ್ಮ ಕರಾವಳಿಯಲ್ಲಿ ಜೂನ್, ಜುಲೈನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬಲೆ ಹೆಣೆಯುವ, ಹಲಗೆ ಸರಿಪಡಿಸುವ ಆ ದಿನಗಳಲ್ಲೇ ಮಲ್ಪೆ, ಮಂಗಳೂರು ಬಂದರುಗಳಲ್ಲಿ ವೈರಿಂಗ್ ತಪಾಸಣೆಯೂ ನಡೆಯಲಿ.