ದೇವರು ಕೊಡುವ ಸಂತೋಷಕ್ಕೆ ಅಪ್ರೈಸಲ್ ಇಲ್ಲ

ನಮ್ಮ ಪ್ರಾರ್ಥನಾ ಕೂಟಗಳಲ್ಲಿ ‘ಸಾಕ್ಷಿ’ ಹೇಳುವ ಪದ್ಧತಿ ಇದೆ. ದೇವರು ನನ್ನ ಬದುಕಿನಲ್ಲಿ ಏನು ಮಾಡಿದ ಅಂತ ಒಬ್ಬೊಬ್ಬರೇ ಎದ್ದು ನಿಂತು ಹೇಳುವುದು. ಒಳ್ಳೆಯ ಪದ್ಧತಿಯೇ. ಆದರೆ ಇತ್ತೀಚೆಗೆ ಬೆಂಗಳೂರಿನಲ್ಲಾಗಲಿ, ರಜೆಗೆ ನಿಪ್ಪಾಣಿಗೆ ಹೋದಾಗಲಾಗಲಿ, ನಾನು ಕೇಳುವ ಸಾಕ್ಷಿಗಳೆಲ್ಲ ಒಂದೇ ಥರ. ವೀಸಾ ಆಯ್ತು, ಪ್ರಮೋಶನ್ ಸಿಕ್ತು, ಸೈಟ್ ರಿಜಿಸ್ಟರ್ ಆಯ್ತು, ಹಾಗಾಗಿ ದೇವರಲ್ಲಿ ನನಗೆ ತುಂಬಾ ಸಂತೋಷ... ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟುತ್ತೇನೆ.

ನನ್ನ ಗೆಳೆಯನೊಬ್ಬ ಕಳೆದ ವರ್ಷ ಕೆಲಸ ಕಳೆದುಕೊಂಡ. ಆಮೇಲೆ ಕೂಟಕ್ಕೆ ಬರುವುದನ್ನೇ ಬಿಟ್ಟ. ಯಾಕೋ ಅಂತ ಕೇಳಿದರೆ, “ಎದ್ದು ನಿಂತು ಹೇಳಾಕ ನನ್ನ ಹತ್ರ ಏನ್ ಐತಿ ಬಿಡಪಾ” ಅಂದ.

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಕ್ರಿಸ್ತನ ನಂಬಿಕೆಯಲ್ಲಿ ಶಾಶ್ವತ ಸಂತೋಷ ಇದೆ ಅಂತ ಗೋಡೆಯ ಮೇಲೆ ಬರೆದುಕೊಂಡು, ಕೆಲಸ ಹೋದವನಿಗೆ ಅಲ್ಲಿ ಕೂರಲು ಮುಜುಗರ ಆಗುವ ಹಾಗೆ ನಡೆದುಕೊಂಡರೆ, ನಾವು ಮಾತಾಡುತ್ತಿರುವ ಸಂತೋಷವಾದರೂ ಯಾವುದು?

ನಾನು ಸಾಫ್ಟ್‌ವೇರ್‌ನವನು. ವರ್ಷಕ್ಕೊಮ್ಮೆ ಬರುವ ಸಂತೋಷ ನನಗೆ ಚೆನ್ನಾಗಿ ಗೊತ್ತು :-) ಅಪ್ರೈಸಲ್ ಲೆಟರ್ ಬಂದ ದಿನ ಇರುವ ಖುಷಿ, ಪಕ್ಕದ ಸೀಟಿನವನಿಗೆ ಎಷ್ಟು ಪರ್ಸೆಂಟ್ ಅಂತ ಗೊತ್ತಾಗುವವರೆಗೆ ಇರುತ್ತದೆ. ಅದು ತಪ್ಪು ಅಂತಲ್ಲ. ದುಡಿದದ್ದಕ್ಕೆ ಕೂಲಿ, ಕೂಲಿಗೆ ತಕ್ಕ ಖುಷಿ. ಆದರೆ ನಾವು ದೇವರನ್ನೂ ಇದೇ ಲೆಕ್ಕಕ್ಕೆ ತಂದಿದ್ದೇವೆ ಅನ್ನುವುದು ನನ್ನ ತಕರಾರು. ಇಷ್ಟು ಉಪವಾಸ, ಇಷ್ಟು ಪ್ರಾರ್ಥನೆ, ಇಷ್ಟು ಕಾಣಿಕೆ. ಬದಲಿಗೆ ಇಷ್ಟು ಆಶೀರ್ವಾದ.

ಕೂಲಿಯ ಲೆಕ್ಕ ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಪ್ಪಾಣಿ ಅಂದರೆ ತಂಬಾಕು, ತಂಬಾಕು ಅಂದರೆ ಬೀಡಿ. ನಮ್ಮ ಅಜ್ಜಿ ಬೀಡಿ ಕಟ್ಟುತ್ತಿದ್ದಳು. ಎಲೆ ನೆನೆಸಿ, ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟಬೇಕು. ಕೂಲಿ ಸಾವಿರಕ್ಕೆ ಇಷ್ಟು ಅಂತ. ಒಯ್ದು ಕೊಟ್ಟಾಗ ಸರಿಯಿಲ್ಲದ್ದನ್ನು ಆರಿಸಿ ಆಚೆ ಹಾಕುತ್ತಿದ್ದರು. ಹಾಗೆ ಹಾಕಿದ್ದಕ್ಕೆ ಕೂಲಿಯೂ ಇಲ್ಲ. ನಾನು ಇಂಜಿನಿಯರಿಂಗ್ ಪರೀಕ್ಷೆಯ ಹೊತ್ತಿನಲ್ಲಿ, ಪ್ರಾರ್ಥನೆ ಕಡಿಮೆ ಆಯಿತೇನೋ, ದೇವರು ಪಾಸ್ ಮಾಡಿಸುತ್ತಾನೋ ಇಲ್ಲವೋ ಅಂತ ಗೊಣಗಿದ್ದಕ್ಕೆ ಅವಳು ನಕ್ಕಿದ್ದಳು. “ದೇವರೇನು ಬೀಡಿ ಎಣಿಸಿ ತಗೊಳ್ಳೋ ಸೇಠ ಏನೋ ತಮ್ಮಾ?”

ಕ್ರೈಸ್ತರು ‘ಕೃಪೆ’ ಅನ್ನುವುದು ಇದಕ್ಕೇ ಅಂತ ನನಗನ್ನಿಸುತ್ತದೆ. ಎಣಿಕೆ ಇಲ್ಲ, ಆರಿಸಿ ಆಚೆ ಹಾಕುವುದೂ ಇಲ್ಲ. ಕೂಲಿಯಾಗಿ ಬಂದ ಸಂತೋಷವನ್ನು ಮಾರುಕಟ್ಟೆ ವಾಪಸ್ ಕಿತ್ತುಕೊಳ್ಳಬಹುದು. ಕೂಲಿಯೇ ಅಲ್ಲದ್ದನ್ನು ಕಿತ್ತುಕೊಳ್ಳುವುದು ಕಷ್ಟ. ಬೈಬಲ್‌ನಲ್ಲಿ ಸಂತೋಷದ ಬಗ್ಗೆ ಮತ್ತೆ ಮತ್ತೆ ಮಾತಾಡುವ ಫಿಲಿಪ್ಪಿಯವರ ಪತ್ರ ನಾಲ್ಕೇ ಅಧ್ಯಾಯದ್ದು. ಪೌಲ ಅದನ್ನು ಬರೆದದ್ದು ಸೆರೆಯಲ್ಲಿದ್ದುಕೊಂಡು. ಹಬಕ್ಕೂಕ ಪ್ರವಾದಿಯಂತೂ ಬೆಳೆ ಕೈಕೊಟ್ಟದ್ದು, ಕೊಟ್ಟಿಗೆ ಖಾಲಿಯಾದದ್ದು ಎಲ್ಲವನ್ನೂ ಪಟ್ಟಿ ಮಾಡಿ, ಆಮೇಲೂ ಸಂತೋಷದ ಮಾತಾಡುತ್ತಾನೆ. ಇಂದಿನ ಕೂಟದಲ್ಲಿ ಇವರಿಬ್ಬರೂ ಎದ್ದು ನಿಂತರೆ ನಾವು ಚಪ್ಪಾಳೆ ತಟ್ಟುತ್ತೇವಾ ಅಂತ ಅನುಮಾನ.

ಇದೆಲ್ಲ ಎರಡು ಸಾವಿರ ವರ್ಷ ಹಳೆಯ ಮಾತು ಅನ್ನುವವರಿಗೆ ಪಂಡಿತಾ ರಮಾಬಾಯಿಯವರನ್ನು ನೆನಪಿಸುತ್ತೇನೆ. ಹುಟ್ಟಿದ್ದು 1858ರಲ್ಲಿ, ನಮ್ಮ ಕರ್ನಾಟಕದ ಗಂಗಾಮೂಲದಲ್ಲಿ. ಕೆಲಸ ಮಾಡಿದ್ದು ಹೆಚ್ಚಾಗಿ ಮಹಾರಾಷ್ಟ್ರದಲ್ಲಿ. ಹಾಗಾಗಿ ಎರಡು ಭಾಷೆಯ ನಡುವೆ ಬೆಳೆದ ನಮ್ಮಂಥ ಗಡಿಯವರಿಗೆ ಅವರು ಎರಡು ಕಡೆಯಿಂದಲೂ ನೆಂಟರು. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ್ದಕ್ಕೆ ತಮ್ಮವರಿಂದಲೇ ಬೈಸಿಕೊಂಡವರು. 1870ರ ದಶಕದ ಬರಗಾಲದಲ್ಲಿ ರಮಾಬಾಯಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡರು. 1880ರಲ್ಲಿ ಅಣ್ಣ ಹೋದರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿಗೆ ಸಂತೋಷ ಸಿಕ್ಕಿತು, ಶುಭಂ ಅಂತ ಕಥೆ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. 1907ರಲ್ಲಿ ಬರೆದ ತಮ್ಮ ಸಾಕ್ಷಿಯಲ್ಲಿ ಅವರು ಹೇಳುವುದು ಬೇರೆಯೇ. ಕ್ರೈಸ್ತ ಧರ್ಮ ತನಗೆ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಅನ್ನುವುದು ಅವರ ಮಾತಿನ ಸಾರ. ಸುಮಾರು ಎಂಟು ವರ್ಷ ಹಾಗೇ ಕಳೆಯಿತು. ಮೊದಲು ಯೋಗ್ಯಳಾಗಿ ಆಮೇಲೆ ಬರಬೇಕಾಗಿಲ್ಲ, ಇದ್ದ ಹಾಗೇ ಬರಬಹುದು ಅಂತ ಹೊಳೆದ ಮೇಲೆಯೇ ಅವರಿಗೆ ಸಮಾಧಾನ ಬಂದದ್ದು. ಅಷ್ಟೊತ್ತಿಗೆ ಅವರು ಪುಸ್ತಕ ಬರೆದಿದ್ದರು, ಅಮೆರಿಕ ಸುತ್ತಿ ಬಂದಿದ್ದರು, 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನವನ್ನೂ ಶುರುಮಾಡಿದ್ದರು. ಅಂದರೆ ಸಾಧನೆಯ ಪಟ್ಟಿ ದೊಡ್ಡದೇ ಇತ್ತು. ಅದು ಕೊಡದಿದ್ದದ್ದನ್ನು ಕೃಪೆ ಕೊಟ್ಟಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಏಳಲೇಬೇಕು. ‘ಬಡವರಿಗೆ ಒಳಗಿನ ಸಂತೋಷ ಸಾಕು ಅಂತ ಹೇಳಿ ಸುಮ್ಮನೆ ಕೂರಿಸುವ ಉಪಾಯ ಇದು’ ಅನ್ನುತ್ತಾರೆ ನನ್ನ ಆಫೀಸಿನ ಕೆಲವು ಗೆಳೆಯರು. ಬೀಡಿ ಕಟ್ಟುವವಳಿಗೆ ಕೂಲಿ ಹೆಚ್ಚಿಸುವ ಬದಲು ಪ್ರಾರ್ಥನೆ ಮಾಡು ಅನ್ನುವುದಾದರೆ ನಾನೂ ಅವರ ಕಡೆಗೇ. ಅಂಥದ್ದು ಸಂತೋಷವಲ್ಲ, ಮಂಪರು.

ಆದರೆ ರಮಾಬಾಯಿ ಸುಮ್ಮನೆ ಕೂರಲಿಲ್ಲವಲ್ಲ! 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ-ಸೊಲ್ಲಾಪುರ ರೈಲುದಾರಿಯ ಕೇಡಗಾಂವ್‌ನಲ್ಲಿ ‘ಮುಕ್ತಿ’ ಸಂಸ್ಥೆ ಬೆಳೆಯಿತು. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನ ಇದ್ದರು. ಓದು, ಹೊಲಿಗೆ, ನೇಯ್ಗೆ, ಬೇಸಾಯ, ಪ್ರೆಸ್ಸಿನ ಕೆಲಸ, ಎಲ್ಲವನ್ನೂ ಅಲ್ಲಿ ಕಲಿಸಿದರು. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಬಂದಾಗ, ಸರ್ಕಾರಿ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳನ್ನು ನಡೆಸಿಕೊಂಡ ರೀತಿಯನ್ನು ಖಂಡಿಸಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದರು. ತಾನು ನಂಬಿದ ಧರ್ಮದವರದ್ದೇ ಸರ್ಕಾರ ಅಂತ ಮುಖ ನೋಡಲಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಪರೀಕ್ಷೆ ಇದು: ಸಂತೋಷ ನಮ್ಮನ್ನು ಕೂರಿಸುತ್ತದೋ, ಎಬ್ಬಿಸುತ್ತದೋ? ನನಗೆ ಎಷ್ಟು ಸಿಕ್ಕಿತು ಅನ್ನುವ ಎಣಿಕೆ ನಿಂತಾಗ ಇನ್ನೊಬ್ಬರ ಕಡೆ ನೋಡಲು ಪುರುಸೊತ್ತು ಸಿಗುತ್ತದೆ. ಎಣಿಸುತ್ತಲೇ ಇರುವವನಿಗೆ ಆ ಪುರುಸೊತ್ತು ಎಲ್ಲಿಂದ?

ಸಂತೋಷ ಅಂದರೆ ಅಳು ಇಲ್ಲ ಅಂತಲೂ ಅಲ್ಲ. 1921ರಲ್ಲಿ ಮಗಳು ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. ರಮಾಬಾಯಿ ಆಗ ಹೀಬ್ರೂ, ಗ್ರೀಕ್ ಮೂಲದಿಂದ ಬೈಬಲನ್ನು ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಮರಾಠಿಗೆ ತರುವ ಕೆಲಸದಲ್ಲಿದ್ದರು. ಆ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. ಇಷ್ಟು ಸಾವು ನೋಡಿದ ಹೆಂಗಸು ತನ್ನ ಸಾಕ್ಷಿಗೆ ಇಟ್ಟ ಹೆಸರು ಬರಿದಾಗದ ನಿಧಿ ಅನ್ನುವ ಅರ್ಥದ್ದು. ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಧೈರ್ಯ ಸಾಲದು.

ವೀಸಾ ಸಿಕ್ಕವರು ಸಾಕ್ಷಿ ಹೇಳಬಾರದು ಅಂತ ನಾನು ಹೇಳುತ್ತಿಲ್ಲ. ಹೇಳಲಿ. ಅದರ ಜೊತೆಗೆ, ಏನೂ ಸಿಗದವನು “ನನಗೆ ಇನ್ನೂ ಏನೂ ಆಗಿಲ್ಲ, ಆದರೂ ಬಂದಿದ್ದೇನೆ” ಅಂತ ಎದ್ದು ನಿಂತು ಹೇಳಲು ನಮ್ಮ ಕೂಟಗಳಲ್ಲಿ ಜಾಗ ಇರಲಿ. ಅಷ್ಟು ಹೇಳಿದವನಿಗೂ ಒಂದು ಚಪ್ಪಾಳೆ ಇರಲಿ. ಕೂಟ ಮುಗಿದ ಮೇಲೆ ಯಾರಾದರೂ ಅವನ ರೆಸ್ಯೂಮೆ ಇಸಿದುಕೊಂಡು ನಾಲ್ಕು ಕಡೆ ಕಳಿಸಲಿ. ಶಾಶ್ವತ ಸಂತೋಷದ ಬಗ್ಗೆ ಒಂದು ಗಂಟೆ ಪ್ರಸಂಗ ಮಾಡುವುದಕ್ಕಿಂತ ಅದು ಅವನಿಗೆ ಬೇಗ ಅರ್ಥವಾಗಬಹುದು.

ನೀವೇನಂತೀರಿ?