ಬಾಟಲಿಯ ಜಲಾಂತರ್ಗಾಮಿಗೆ ಯಾವ ಭಾರ?

ಪ್ರವಾದಿ ಯೂನುಸ್(ಅ)ರನ್ನು ಮೀನು ನುಂಗಿದ ಘಟನೆ ಹೇಳಿದರೆ ಸಾಕು, "ಹಜ್ರತ್, ನಾವೂ ಜಲಾಂತರ್ಗಾಮಿ ಮಾಡೋಣ" ಎನ್ನುತ್ತಾರೆ ಮಕ್ಕಳು. ಮಾಡಲಿ. 1 ಲೀಟರ್ ಪ್ಲಾಸ್ಟಿಕ್ ಬಾಟಲಿ ಸಾಕು. ಮುಚ್ಚಳ ಬಿಗಿದ ಖಾಲಿ ಬಾಟಲಿ ತೇಲುತ್ತದೆ. ಒಟ್ಟು ತೂಕ 1 ಕಿಲೋ ದಾಟುತ್ತಿದ್ದಂತೆ ಮುಳುಗತೊಡಗುತ್ತದೆ.

ಆದರೆ ಒಳಗೆ ತುಂಬಿಸುವುದೇನು? ಮಕ್ಕಳ ಕೈ ಮೊದಲು ಹೋಗುವುದು ಹಳೆಯ ಬ್ಯಾಟರಿಗೆ, ಮೀನುಗಾಳದ ಸೀಸದ ಗುಂಡಿಗೆ. ಸೀಸ ಕಲ್ಲಿಗಿಂತ ಸುಮಾರು ನಾಲ್ಕು ಪಟ್ಟು ಭಾರ, ನಿಜ. ಅದನ್ನು ಮುಟ್ಟಿದ ಕೈ ಬಾಯಿಗೆ ಹೋದರೆ ಎಳೆಯ ಮಿದುಳಿಗೇ ಹಾನಿ. ನಮ್ಮ ಚಾಮರಾಜನಗರದ ಕರಿಕಲ್ಲಿನ ಚೂರಿಗಿಂತ ಒಳ್ಳೆಯ ಭಾರ ಬೇಕೆ? ತೊಳೆದು ಹಾಕಿ. ಅದು ತಳದಲ್ಲೇ ಇರಲಿ, ಇಲ್ಲವಾದರೆ ಬಾಟಲಿ ಮಗುಚುತ್ತದೆ. ತೇಲಿಸಲು ಒಳಗಿನ ಗಾಳಿ ಸಾಕು. ಥರ್ಮಾಕೋಲ್ ಬೇಡ, ಉದುರಿದ ಕಾಳನ್ನು ಕೋಳಿ, ಮೀನು ತಿನ್ನುತ್ತವೆ.

ಪರೀಕ್ಷೆಗೆ ಬಕೆಟ್ಟೇ ಸಾಕು. ಸುವರ್ಣಾವತಿ ಜಲಾಶಯಕ್ಕಾಗಲಿ, ಗುಂಡ್ಲುಪೇಟೆ ಕಡೆಯ ಕ್ವಾರಿ ಗುಂಡಿಗಾಗಲಿ ಕಳಿಸಬೇಡಿ. ಕ್ವಾರಿಯ ಅಂಚು ನೇರ ಆಳಕ್ಕಿಳಿಯುತ್ತದೆ, ಈಜು ಬಲ್ಲವನಿಗೂ ಹತ್ತಲು ಹಿಡಿತ ಸಿಗದು. ಮುಳುಗಿದ ಬಾಟಲಿಯನ್ನು ತರಲು ಇಳಿಯುವವನು ನಿಮ್ಮ ಮಗನೇ ಅಲ್ಲವೇ? ಆಟ ಮುಗಿದೊಡನೆ ಬಕೆಟ್ ನೀರನ್ನೂ ಗಿಡಕ್ಕೆ ಹಾಕಿಬಿಡಿ, ಮನೆಯಲ್ಲಿ ಅಂಬೆಗಾಲಿಡುವ ಕೂಸಿರಬಹುದು.