ಕಡಲೇ ಸಮಾಧಿಯಾದವರು

ಯುದ್ಧವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಗುಂಡಿನ ಸುರಿಮಳೆ. ಆದರೆ ಶತ್ರುವನ್ನು ಎದುರಿಸುವ ಮೊದಲೇ ಪ್ರಾಣ ತೆತ್ತ ಯೋಧರೂ ಉಂಟು. ಅಂಥವರನ್ನು ನಾವು ನೆನೆಯುವುದು ಅಪರೂಪ.

1982ರಲ್ಲಿ ದಕ್ಷಿಣ ಅಟ್ಲಾಂಟಿಕ್ ಸಾಗರದ ಫಾಕ್‌ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೀನಾಕ್ಕೂ ಯುದ್ಧವಾಯಿತು. ಮೇ 19ರಂದು ಕತ್ತಲಾಗುವ ಹೊತ್ತಿಗೆ, ‘ಸೀ ಕಿಂಗ್’ ಹೆಲಿಕಾಪ್ಟರೊಂದು ಬ್ರಿಟಿಷ್ ಯೋಧರನ್ನು ‘ಹರ್ಮಿಸ್’ ನೌಕೆಯಿಂದ ‘ಇಂಟ್ರೆಪಿಡ್’ ನೌಕೆಗೆ ಸಾಗಿಸುತ್ತಿತ್ತು. ಅದು ಕೆಲವೇ ನಿಮಿಷಗಳ ಹಾದಿ. ಇಳಿಯುವ ನೌಕೆ ಸಮೀಪದಲ್ಲಿರುವಾಗಲೇ ಹೆಲಿಕಾಪ್ಟರು ಸಮುದ್ರಕ್ಕೆ ಬಿದ್ದು ಮುಳುಗಿತು. ಕೊರೆಯುವ ನೀರಿನಿಂದ ಕೆಲವರನ್ನಷ್ಟೇ ಬದುಕಿಸಲು ಸಾಧ್ಯವಾಯಿತು. 22 ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ‘ಎಸ್.ಎ.ಎಸ್.’ ಎಂಬ ವಿಶೇಷ ಪಡೆಯ ನುರಿತ ಯೋಧರು. ದೊಡ್ಡ ಕಡಲ ಹಕ್ಕಿಯೊಂದು ಯಂತ್ರಕ್ಕೆ ಬಡಿದಿರಬೇಕೆಂಬುದು ಬಹುಮಂದಿಯ ಊಹೆ. ಎರಡೇ ದಿನಗಳ ತರುವಾಯ, ಮೇ 21ರಂದು, ಅವರ ಸಂಗಡಿಗರು ಸ್ಯಾನ್ ಕಾರ್ಲೋಸ್ ತೀರದಲ್ಲಿ ಇಳಿದರು.

ಆ ಹರ್ಮಿಸ್ ನೌಕೆ ನಮಗೆ ಅಪರಿಚಿತವಲ್ಲ. 1987ರಲ್ಲಿ ಅದೇ ‘ವಿರಾಟ್’ ಎಂಬ ಹೆಸರಿನಿಂದ ಭಾರತದ ನೌಕಾಪಡೆಯನ್ನು ಸೇರಿ, 2017ರವರೆಗೆ ಸೇವೆ ಸಲ್ಲಿಸಿತು.

ಮಡಿದವರಲ್ಲಿ ಬಹುತೇಕರಿಗೆ ಕಡಲೇ ಸಮಾಧಿ. ಹಿಡಿ ಮಣ್ಣು ಹಾಕುವ ಭಾಗ್ಯವೂ ಅವರ ಮನೆಯವರಿಗೆ ದೊರೆಯಲಿಲ್ಲ. ಅದೇ ಯುದ್ಧದಲ್ಲಿ ‘ಬೆಲ್‌ಗ್ರಾನೊ’ ನೌಕೆ ಮುಳುಗಿ ಅರ್ಜೆಂಟೀನಾದ 323 ಮಂದಿ ಮಡಿದರು. ತಾಯಂದಿರ ಕಣ್ಣೀರಿಗೆ ಶತ್ರು-ಮಿತ್ರರೆಂಬ ಭೇದವೆಲ್ಲಿಯದು?

ಗುಂಡಿಗೆ ಎದೆಯೊಡ್ಡಿದವನು ವೀರ, ಅಪಘಾತದಲ್ಲಿ ಅಳಿದವನು ದುರ್ದೈವಿ ಎಂದು ನಾವು ಭಾವಿಸಬಾರದು. ಕರೆ ಬಂದಾಗ ಇಬ್ಬರೂ ಹೊರಟವರೇ. ನಮ್ಮ ಊರುಗಳಲ್ಲಿಯೂ ಅಂಥ ಮನೆಗಳಿರಬಹುದು. ಹಬ್ಬಹರಿದಿನಗಳಲ್ಲಿ ಆ ಮನೆಯ ಬಾಗಿಲಿಗೆ ಹೋಗಿ, ಹಿರಿಯರೊಡನೆ ಎರಡು ಗಳಿಗೆ ಕುಳಿತು, ಮಗನ ಹೆಸರೆತ್ತಿ ಮಾತನಾಡೋಣ. ಸಮಾಧಿಯಿಲ್ಲದವರಿಗೆ ನೆನಪೇ ನೆಲೆ.